ಸಹಾಯ ಬೇಕು: 8 ಇಂಚಿನ ವೂಫರ್‌ಗೆ (ಬಾಸ್ ಸ್ಪೀಕರ್) ಫೋಮ್ ರಿಂಗ್

ಸೆಕೆಂಡ್‌ಹ್ಯಾಂಡ್ ಸ್ಪೀಕರ್ ಜೋಡಿ, 8 ಓಮ್, ಸಾಗರ ಪೇಟೆಯಲ್ಲಿ ಸಿಕ್ಕಿದ್ದು. ಕೋನ್ ಗಟ್ಟಿ ಇದೆ. ಸುತ್ತಲಿನ ಫೋಮ್ ಮಾತ್ರ ಮುಟ್ಟಿದರೆ ಅಂಟಂಟಾಗಿ ಉದುರುತ್ತೆ. ಮಲೆನಾಡಿನ ತೇವಕ್ಕೆ ಫೋಮ್ ಎಲ್ಲಿ ಬಾಳುತ್ತೆ ಬಿಡಿ. ಕೋನ್ ಹಿಂದಿನ ತಂತಿ ಸುರುಳಿ, ಅಂದರೆ ಕಾಯಿಲ್, ಮೀಟರಿನಲ್ಲಿ 6.2 ಓಮ್ ತೋರಿಸುತ್ತೆ, 8 ಓಮ್ ಸ್ಪೀಕರಿಗೆ ಅದು ಸರಿಯೇ; ಕೋನನ್ನು ಸಮನಾಗಿ ಒತ್ತಿದರೆ ಒಳಗೆ ಉಜ್ಜೋ ಸದ್ದಿಲ್ಲ. ಹಾಗಾಗಿ ರೀಕೋನ್ (ಕೋನ್, ಕಾಯಿಲ್ ಎರಡೂ ಬದಲಿಸೋದು) ಬೇಡ, ರಿಂಗ್ ಸಾಕು. ರಬ್ಬರ್ ರಿಂಗ್ ಬಾಳಿಕೆ ಬಂದರೂ ಭಾರ, ಬಿಗಿ; ಬಾಸ್ ಬದಲಾಗುತ್ತೆ, ಫೋಮೇ ಬೇಕು.

ಒಂದು ಬಾಕ್ಸಿನ ಟ್ವೀಟರ್ (ಟ್ರೆಬಲ್‌ಗಿರುವ ಚಿಕ್ಕ ಸ್ಪೀಕರ್) ಸದ್ದು ಕಮ್ಮಿ. ಬಾಸ್, ಟ್ರೆಬಲ್ ಬೇರೆ ಮಾಡೋ ಕ್ರಾಸ್‌ಓವರಿನ 4.7 ಮೈಕ್ರೋಫ್ಯಾರಡ್ ನಾನ್‌ಪೋಲಾರ್ ಕೆಪಾಸಿಟರ್‌ನ ಒಂದು ಕಾಲು ಬಿಚ್ಚಿ ಅಳೆದರೆ 2.9 ಅಷ್ಟೇ. ಎರಡೂ ಬಾಕ್ಸ್ ಒಂದೇ ಥರ ಕೇಳಬೇಕಲ್ಲ, ಅದಕ್ಕೆ 100 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಎರಡು ಬೇಕು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗದೆ ಶಿವಮೊಗ್ಗದಲ್ಲೇ ಇವು ಸಿಗುತ್ತವಾ? ಕಾಯಿಲ್ ಮಧ್ಯಕ್ಕೆ ಕೂರಿಸಿ ರಿಂಗ್ ಅಂಟಿಸಿಕೊಡುವವರು ಗೊತ್ತಿದ್ದರೂ ತಿಳಿಸಿ. ಫೆವಿಕ್ವಿಕ್ ಸಲಹೆ ಮಾತ್ರ ಬೇಡ ಮಾರಾಯ್ರೇ.