ನಾಲಿಗೆಯ ಕ್ಯಾನ್ಸರ್ ಡೇಟಾದಲ್ಲಿ ಸ್ನಾಯುವಿನ ಜೀನ್ ಯಾಕೆ ಬಂತು?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ, ದೇರಳಕಟ್ಟೆ): ಮೇಡಂ, ನಮಸ್ಕಾರ. ಪ್ರಾಜೆಕ್ಟ್‌ಗೆ ಟಿಸಿಜಿಎಯ (ಅಮೆರಿಕದ ಕ್ಯಾನ್ಸರ್ ಜೀನ್ ಡೇಟಾ ಸಂಗ್ರಹ) ತಲೆ-ಕುತ್ತಿಗೆ ಕ್ಯಾನ್ಸರಿನ ಆರ್‌ಎನ್‌ಎ ಡೇಟಾ, ಅಂದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಲೆಕ್ಕ, ತೆಗೆದುಕೊಂಡಿದ್ದೇನೆ. ನಾಲಿಗೆಯ ಕ್ಯಾನ್ಸರೂ ಅದರಲ್ಲಿದೆ. 500ಕ್ಕೂ ಜಾಸ್ತಿ ಗಡ್ಡೆಯ ಸ್ಯಾಂಪಲ್, ನಾರ್ಮಲ್ 44. ಎರಡು ಗುಂಪಿನ ಜೀನ್‌ಗಳನ್ನು ಹೋಲಿಸುವ ಡಿಇಸೀಕ್2 ಸಾಫ್ಟ್‌ವೇರ್‌ಗೆ ಹಾಕಿ ನೋಡಿದೆ. ಗಡ್ಡೆಯಲ್ಲಿ ಕಡಿಮೆಯಾದ ಜೀನ್‌ಗಳ ಪಟ್ಟಿಯಲ್ಲಿ ಮೇಲೆಯೇ ಸಿಕೆಎಂ, ಎಸಿಟಿಎ1, ಎಂವೈಎಚ್2 ಇವೆ. ಪಿ-ವ್ಯಾಲ್ಯೂ (ವ್ಯತ್ಯಾಸ ಬರೀ ಆಕಸ್ಮಿಕವಾಗಿದ್ದರೆ ಇಂಥ ಫಲಿತಾಂಶ ಬರುವ ಸಾಧ್ಯತೆ) ಎಲ್ಲದರದ್ದೂ ಸೊನ್ನೆಗೆ ಹತ್ತಿರ. ಇವನ್ನು ಬಯೋಮಾರ್ಕರ್, ಅಂದರೆ ಕ್ಯಾನ್ಸರಿನ ಗುರುತು, ಅಂತ ಬರೆಯಬಹುದಾ? ಗೈಡ್‌ಗೆ ತೋರಿಸಲು ಇನ್ನು ನಾಲ್ಕೇ ದಿನ.

ಉತ್ತರ (ಬಯೋಇನ್ಫರ್ಮ್ಯಾಟಿಕ್ಸ್, ಮಣಿಪಾಲ): ದಯವಿಟ್ಟು ಬರೆಯಬೇಡಿ. ಮೂರೂ ಸ್ನಾಯುವಿನ ಜೀನ್‌ಗಳು.

ನಾರ್ಮಲ್ ಸ್ಯಾಂಪಲ್‌ನ ಚೂರು ಎಲ್ಲಿಂದ ಬಂತು ಅಂತ ಯೋಚಿಸಿ. ನಾಲಿಗೆ ಅಂದರೆ ಬಹುಪಾಲು ಸ್ನಾಯುವೇ, ಮೇಲೆ ತೆಳುವಾದ ಒಂದು ಪದರ. ಸರ್ಜನ್ ಗಡ್ಡೆಯ ಆಚೆಯಿಂದ ನಾರ್ಮಲ್ ಅಂತ ಒಂದು ತುಂಡು ತೆಗೆದರೆ ಪದರದ ಜತೆ ಕೆಳಗಿನ ಸ್ನಾಯುವೂ ಬರುತ್ತದೆ. ಕ್ಯಾನ್ಸರ್ ಹುಟ್ಟುವುದು ಆ ಪದರದಲ್ಲಿ. ಗಡ್ಡೆಯ ತುಂಡಲ್ಲಿ ಸ್ನಾಯು ಅಷ್ಟಿರುವುದಿಲ್ಲ. ಹಾಗಾಗಿ ನೀವು ಕ್ಯಾನ್ಸರನ್ನು ಹೋಲಿಸಿದ್ದು ಮಾಂಸಖಂಡದ ಜತೆ. ಸಾಫ್ಟ್‌ವೇರ್ ಲೆಕ್ಕ ತಪ್ಪಿಲ್ಲ. ವ್ಯತ್ಯಾಸ ನಿಜವಾಗಿಯೂ ಇದೆ, ಅದಕ್ಕೇ ಪಿ-ವ್ಯಾಲ್ಯೂ ಅಷ್ಟು ಚಿಕ್ಕದು.

ಒಂದೇ ರೋಗಿಯ ಗಡ್ಡೆ-ನಾರ್ಮಲ್ ಜೋಡಿ ಮಾಡಿ ನೋಡುವುದು ಒಳ್ಳೆಯದೇ, ಆದರೆ ಅದರಿಂದ ಸ್ನಾಯು ಹೋಗುವುದಿಲ್ಲ. ಮೊದಲು ಪಿಸಿಎ ಚಿತ್ರಕ್ಕೆ (ಒಂದೇ ಥರದ ಸ್ಯಾಂಪಲ್‌ಗಳು ಹತ್ತಿರ ಬರುವ ನಕ್ಷೆ) ಸಿಕೆಎಂ ಪ್ರಮಾಣದ ಪ್ರಕಾರ ಬಣ್ಣ ಕೊಡಿ. ಯಾವ ನಾರ್ಮಲ್‌ಗಳಲ್ಲಿ ಸ್ನಾಯು ತುಂಬಿದೆ ಅಂತ ಕಣ್ಣಿಗೇ ಕಾಣುತ್ತದೆ. ಅವನ್ನು ಬಿಟ್ಟು ಇನ್ನೊಮ್ಮೆ ರನ್ ಮಾಡಿ. ನಾಲಿಗೆ, ಧ್ವನಿಪೆಟ್ಟಿಗೆ, ಟಾನ್ಸಿಲ್ ಬೇರೆ ಬೇರೆ ಇಡಿ. ಟಾನ್ಸಿಲ್‌ನಲ್ಲಿ ಎಚ್‌ಪಿವಿ ವೈರಸ್‌ನ ಕೇಸುಗಳು ಜಾಸ್ತಿ. ವೈರಸ್‌ನ ಇ7 ಪ್ರೋಟೀನು ಕೋಶ ವಿಭಜನೆಗೆ ತಡೆ ಹಾಕುವ ಆರ್‌ಬಿ ಪ್ರೋಟೀನನ್ನು ಕೆಡಿಸುವುದರಿಂದ ಅಲ್ಲಿ ಪಿ16 ಅನ್ನುವ ಇನ್ನೊಂದು ಪ್ರೋಟೀನು ಏರುತ್ತದೆ. ತಂಬಾಕಿನ ಕೇಸುಗಳ ಜತೆ ಬೆರೆಸಿದರೆ ಸರಾಸರಿಗೆ ಅರ್ಥವೇ ಇರುವುದಿಲ್ಲ.

ಕೊನೆಗೆ ಉಳಿದ ಜೀನ್‌ಗಳನ್ನು ತಲೆ-ಕುತ್ತಿಗೆ ಕ್ಯಾನ್ಸರಿನ ಸಿಂಗಲ್-ಸೆಲ್ ಡೇಟಾದಲ್ಲಿ ಹುಡುಕಿ. 2017ರಲ್ಲಿ 18 ರೋಗಿಗಳ ಸುಮಾರು 6,000 ಕೋಶಗಳನ್ನು ಒಂದೊಂದಾಗಿ ಓದಿದ್ದಾರೆ, ಅದು ಎಲ್ಲರಿಗೂ ಸಿಗುತ್ತದೆ. ನಿಮ್ಮ ಜೀನ್ ಕ್ಯಾನ್ಸರ್ ಕೋಶದ್ದಾ, ಪಕ್ಕದ ಫೈಬ್ರೋಬ್ಲಾಸ್ಟ್‌ನದ್ದಾ (ಅಂಗಾಂಶಕ್ಕೆ ಆಧಾರ ಕೊಡುವ ಕೋಶ) ಅಂತ ಅಲ್ಲಿ ಗೊತ್ತಾಗುತ್ತದೆ. ನಾಲ್ಕು ದಿನ ಸಾಕು, ಗಾಬರಿಯಾಗಬೇಡಿ.

ಇನ್ನೊಬ್ಬರ ಪ್ರಶ್ನೆ (ದಂತವೈದ್ಯರು, ಮಂಗಳೂರು): ನಮ್ಮಲ್ಲಿ ಬರುವವರು ಹೆಚ್ಚಿನವರು ಎಲೆ-ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಕೆನ್ನೆಯಲ್ಲಿ ಇಟ್ಟುಕೊಳ್ಳುವವರು. ಅಮೆರಿಕದ ಡೇಟಾ ಇವರಿಗೆ ಹೊಂದುತ್ತದಾ?

ಉತ್ತರ: ಸ್ವಲ್ಪ ಹೊಂದುತ್ತದೆ, ಪೂರ್ತಿ ಅಲ್ಲ. 2013ರಲ್ಲಿ ಭಾರತದ ತಂಡವೊಂದು ಕೆನ್ನೆ-ವಸಡಿನ ಕ್ಯಾನ್ಸರಿನ ಜೀನ್‌ಗಳನ್ನು ಓದಿತು. ಟಿಪಿ53, ಎಫ್‌ಎಟಿ1, ಸಿಎಎಸ್‌ಪಿ8, ನಾಚ್1 ಅಲ್ಲಿಯೂ ಸಿಕ್ಕಿದವು. ಅದರ ಜತೆ ಯುಎಸ್‌ಪಿ9ಎಕ್ಸ್, ಎಆರ್‌ಐಡಿ2 ಥರ ಹೊಸವೂ ಬಂದವು. ಅವು ಡಿಎನ್‌ಎಯೇ ಬದಲಾದ (ಮ್ಯುಟೇಶನ್ ಆದ) ಜೀನ್‌ಗಳು. ಅಭಿವ್ಯಕ್ತಿಯ, ಅಂದರೆ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ, ಲೆಕ್ಕ ಬೇರೆಯೇ. ಅಡಿಕೆ ಒಂದೇ ಸಾಕು ಕ್ಯಾನ್ಸರ್ ತರಲು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲೇ ಹೇಳಿದೆ. ಅಡಿಕೆ ತೋಟದಿಂದಲೇ ಬದುಕು ಕಟ್ಟಿಕೊಂಡ ಊರಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ರೋಗಿಗೆ ಹೇಳಲೇಬೇಕು. ನೀವು ಬಯಾಪ್ಸಿ ಕಳಿಸುವಾಗ ಒಂದು ಉಪಕಾರ ಮಾಡಿ ಡಾಕ್ಟ್ರೇ: ಯಾವ ಕೆನ್ನೆ, ಏನು ಜಗಿಯುತ್ತಾರೆ, ಎಷ್ಟು ವರ್ಷದಿಂದ, ಇಷ್ಟು ಫಾರಂನಲ್ಲಿ ಬರೆದುಬಿಡಿ. ಮುಂದೆ ನಮ್ಮೂರಿನ ಡೇಟಾ ಆದಾಗ ಅದಿಲ್ಲದೆ ನಮಗೆ ಏನೂ ಮಾಡಲು ಬರುವುದಿಲ್ಲ.