ದೆಹಲಿ ನಂಬರಿನ 2016ರ ಥಾರ್ ಫೋರ್ ಬೈ ಫೋರ್: ಡೀಲರ್‌ಗೆ ದುಡ್ಡು ಕೊಡೋ ಮುಂಚೆ ಏನೇನು ನೋಡಬೇಕು?

ಹಾನುಬಾಳು_ತೋಟ

ಎಲ್ಲರಿಗೂ ನಮಸ್ಕಾರ. ಕಾಫಿ ತೋಟದ ಓಡಾಟಕ್ಕೆ ಹಳೇ ಮಹೀಂದ್ರಾ ಥಾರ್ ಸಿಆರ್‌ಡಿಇ (ಡೀಸೆಲ್ ಜೀಪ್) ಹುಡುಕ್ತಾ ಇದೀನಿ. ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2016ರ ಗಾಡಿ ಇದೆ. ದೆಹಲಿ ರಿಜಿಸ್ಟ್ರೇಷನ್, ಒಬ್ಬರೇ ಓನರ್, ಮೀಟರ್‌ನಲ್ಲಿ 58,000 ಕಿ.ಮೀ. ಹೊರಗಡೆಯಿಂದ ಹಾಕಿಸಿದ ಹಾರ್ಡ್ ಟಾಪ್ ಇದೆ, ಟೈರ್ 245/75 ಆರ್16. ಎನ್ಒಸಿ (ದೆಹಲಿ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಬಂದಿದೆ, ಕೆಎ ನಂಬರ್ ನಾವೇ ಮಾಡಿಸಿಕೊಡ್ತೀವಿ ಅಂತಾರೆ. ಇಲ್ಲಿನ ಗಾಡಿಗಳಿಗಿಂತ ರೇಟು ಕಮ್ಮಿ ಇದೆ.

ಮಳೆಗಾಲದಲ್ಲಿ ಕೆಂಪು ಮಣ್ಣಿನ ಏರು ಹತ್ತೋದೇ ಇದರ ಮುಖ್ಯ ಕೆಲಸ. ಹಾಗಾಗಿ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡೋ ವ್ಯವಸ್ಥೆ, ನಿಜವಾಗ್ಲೂ ಕೆಲಸ ಮಾಡುತ್ತಾ ಅಂತ ಖಾತ್ರಿ ಆಗಬೇಕು. ಡೀಲರ್ ಅಂಗಳದಲ್ಲಿ ಲಿವರ್ ಹಾಕಿ, ಮೀಟರ್‌ನಲ್ಲಿ ಲೈಟ್ ಹತ್ತಿದ್ದು ತೋರಿಸಿದರು. ಅಷ್ಟು ಸಾಕಾ? ಪೇಪರ್ ವಿಚಾರದಲ್ಲೂ ಗೊತ್ತಿದ್ದವರು ಹೇಳಿ.

ಗೇರ್‌ಪೆಟ್ಟಿಗೆ

ಲೈಟ್ ಹತ್ತಿದ್ದು ಏನೇನೂ ಸಾಲದು ಸರ್. ಲಿವರ್ ಜಾಗಕ್ಕೆ ಬಂದಿದೆ ಅನ್ನೋದಷ್ಟೇ ಅದು ಹೇಳೋದು. ಮುಂದಿನ ಚಕ್ರಕ್ಕೆ ಶಕ್ತಿ ಹೋಗ್ತಿದೆಯಾ ಅನ್ನೋದು ಬೇರೆ ಮಾತು. ಈ ಥಾರ್‌ನಲ್ಲಿ ಮುಂದಿನ ಹಬ್ (ಚಕ್ರವನ್ನ ಆಕ್ಸಲ್‌ಗೆ ಕೂಡಿಸೋ ಭಾಗ) ಲಾಕ್ ಆಗೋದು ವ್ಯಾಕ್ಯೂಮ್‌ನಿಂದ. ಇಂಜಿನ್ ಕಡೆಯಿಂದ ಹಬ್‌ವರೆಗೆ ಬರೋ ಸಣ್ಣ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ರೆ, ಅಥವಾ ಹಬ್‌ನ ಸೀಲ್ ಹೋಗಿ ಒಳಗೆ ಕೆಸರು ನೀರು ಸೇರಿದ್ರೆ, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಪೆಟ್ಟಿಗೆ) ತನ್ನ ಕೆಲಸ ಮಾಡುತ್ತೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತೆ, ಚಕ್ರಕ್ಕೆ ಮಾತ್ರ ಏನೂ ಬರಲ್ಲ. ಪೇಟೆಯಲ್ಲೇ ಓಡಿದ ಗಾಡಿಗಳಲ್ಲಿ ಇದು ಮಾಮೂಲಿ, ಯಾಕಂದ್ರೆ ವರ್ಷಗಟ್ಟಲೆ ಯಾರೂ ಫೋರ್ ಬೈ ಫೋರ್ ಹಾಕಿರಲ್ಲ.

ಸರಿಯಾದ ಪರೀಕ್ಷೆ ಹೀಗೆ. ಮಣ್ಣು ಅಥವಾ ಜಲ್ಲಿ ಇರೋ ಸಮತಟ್ಟು ಜಾಗದಲ್ಲಿ 4ಹೆಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ) ಹಾಕಿ ಹತ್ತಿಪ್ಪತ್ತು ಅಡಿ ನೇರಕ್ಕೆ ಓಡಿಸಿ, ಹಬ್ ಕೂತ್ಕೊಳ್ಳಲಿ. ಲಿವರ್ ತೆಗೀಬೇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಪೂರ್ತಿ, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಇಂಜಿನ್ ಆನ್ ಇರಬೇಕು, ಇಲ್ಲದಿದ್ರೆ ವ್ಯಾಕ್ಯೂಮ್ ಇರಲ್ಲ. ಸೀಟಿನಲ್ಲಿ ಗೊತ್ತಿರೋ ಒಬ್ಬರು ಬ್ರೇಕ್ ಒತ್ತಿಕೊಂಡು ಕೂರಬಾರದು, ಕಾಲು ಪೆಡಲ್‌ನಿಂದ ಆಚೆ ಇಟ್ಟು ಸುಮ್ಮನೆ ಕೂತಿರಬೇಕು. ಬ್ರೇಕ್ ಒತ್ತಿದ್ರೆ ಮುಂದಿನ ಚಕ್ರವೂ ಹಿಡ್ಕೊಂಡು ಪರೀಕ್ಷೆಯೇ ಕೆಡುತ್ತೆ. ಈಗ ಮುಂದಿನ ಒಂದೇ ಚಕ್ರವನ್ನ ಜಾಕ್ ಹಾಕಿ ನೆಲದಿಂದ ಎರಡು ಇಂಚು ಎತ್ತಿ, ಸ್ಟ್ಯಾಂಡ್ ಕೊಡಿ. ಗಾಡಿ ಕೆಳಗೆ ಯಾರೂ ಹೋಗೋದು ಬೇಡ.

ಆ ಚಕ್ರವನ್ನ ಕೈಯಲ್ಲಿ ತಿರುಗಿಸಿ. ಸ್ವಲ್ಪ ಆಟ ಆಡಿ ಗಟ್ಟಿಯಾಗಿ ನಿಂತ್ರೆ ಹಬ್, ಕ್ರೌನ್ (ಆಕ್ಸಲ್ ನಡುವಿನ ಗೇರ್), ಟ್ರಾನ್ಸ್‌ಫರ್ ಕೇಸ್ ಎಲ್ಲ ಕೂಡಿಕೊಂಡಿವೆ. ಸಲೀಸಾಗಿ ಸುತ್ತಿದ್ರೆ ಎಲ್ಲೋ ಕೊಂಡಿ ಕಳಚಿದೆ. ಆಮೇಲೆ 2ಹೆಚ್‌ಗೆ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ) ತಂದು ನೋಡಿ, ಈಗ ಆರಾಮಾಗಿ ತಿರುಗಬೇಕು. ಎರಡೂ ಕಡೆ ಮಾಡಿ. ಒಂದು ಕಡೆ ಹಗುರ, ಇನ್ನೊಂದು ಕಡೆ ಭಾರವಾಗಿ ತಿರುಗಿದ್ರೆ, ಹಗುರವಾಗಿ ತಿರುಗಿದ ಕಡೆಯ ಹಬ್ ಹಿಡೀತಿಲ್ಲ ಅಂತ ಮೊದಲ ಅನುಮಾನ.

ಇದಾದ ಮೇಲೆ 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ವೇಗ ಕಮ್ಮಿ, ಎಳೆತ ಜಾಸ್ತಿ). ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ ಹಾಕಿ. ಲೋ ರೇಶಿಯೋ ಸುಮಾರು 2.5, ಅಂದ್ರೆ ಅದೇ ಫಸ್ಟ್ ಗೇರ್, ಅದೇ ಆರ್‌ಪಿಎಂಗೆ ವೇಗ ಅರ್ಧಕ್ಕಿಂತ ಕೆಳಗೆ ಇಳೀಬೇಕು. ಒಂದು ಇಳಿಜಾರಿನಲ್ಲಿ ಫಸ್ಟ್ ಗೇರ್ ಹಾಕಿ, ಎರಡೂ ಕಾಲು ಪೆಡಲ್‌ನಿಂದ ತೆಗೆದು ಇಳಿಸಿ. ರೇಸ್ ಕೊಟ್ಟಾಗ ಸುಮ್ಮನಿದ್ದು, ಇಂಜಿನ್ ಬ್ರೇಕ್ ಬಿದ್ದಾಗ ಲಿವರ್ ತಾನಾಗಿ ಹೊರಗೆ ಹಾರಿದ್ರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚೋ ಕೆಲಸ ಬರುತ್ತೆ. ಅಂಥ ಗಾಡಿ ಬೇಡವೇ ಬೇಡ. ಏರು ತೋಟಕ್ಕೆ ಅದು ಅಪಾಯ: ಇಳಿಜಾರಿನ ನಡುವೆ ನ್ಯೂಟ್ರಲ್ ಆದ್ರೆ ಹಿಡಿಯೋಕೆ ಬ್ರೇಕ್ ಒಂದೇ ಗತಿ.

ಡಾಂಬರು ರಸ್ತೆಯಲ್ಲಿ 4ಹೆಚ್ ಹಾಕಿ ಫುಲ್ ತಿರುವು ತಗೊಂಡು ಪರೀಕ್ಷೆ ಮಾಡಿ ತೋರಿಸ್ತೀನಿ ಅಂತ ಡೀಲರ್ ಹುಡುಗರು ಹೊರಟರೆ ತಡೀರಿ. ಇದು ಪಾರ್ಟ್ ಟೈಮ್ ಸಿಸ್ಟಮ್, ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗಕ್ಕೆ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗುತ್ತೆ. ಡಾಂಬರಿನಲ್ಲಿ ಜಾರೋಕೆ ಅವಕಾಶ ಇಲ್ಲದೆ ಆ ಬಿಗಿ ಪೂರ್ತಿ ಚೈನ್, ಕ್ರಾಸ್ (ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್), ಆಕ್ಸಲ್ ಮೇಲೆ ಬೀಳುತ್ತೆ.

ಮಳೆನಾಡು_ವೀಲ್ಸ್

ಮೇಲಿನವರು ಹೇಳಿದ ಜಾಕ್ ಪರೀಕ್ಷೆ ಬಿಡಬೇಡಿ. ಅದರ ಜೊತೆ ಇನ್ನಷ್ಟು.

245/75 ಕಂಪನಿ ಸೈಜ್ ಅಲ್ಲ. ಸಿಆರ್‌ಡಿಇಗೆ ಬರೋದು 235/70 ಆರ್16, ಎತ್ತರ ಸುಮಾರು 735 ಮಿ.ಮೀ. 245/75 ಸುಮಾರು 774. ಅಂದ್ರೆ 5%ನಷ್ಟು ದೊಡ್ಡದು. ಮೀಟರ್ 80 ತೋರಿಸುವಾಗ ನಿಜವಾದ ವೇಗ 84 ಹತ್ತಿರ, ಓಡೋಮೀಟರ್ ಕೂಡ ಅಷ್ಟೇ ಕಮ್ಮಿ ಎಣಿಸಿರುತ್ತೆ. ಅದಕ್ಕಿಂತ ಮುಖ್ಯ, ಈ ಟೈರ್ ಉಜ್ಜದೆ ಕೂರಲಿ ಅಂತ ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗ್ ಕೆಲಸ ಮಾಡೋ ಕಂಬಿ) ಬೋಲ್ಟ್ ಬಿಗಿ ಮಾಡಿ ಮುಂಭಾಗ ಎತ್ತಿರ್ತಾರೆ. ಆಗ ಆಕ್ಸಲ್ ಕೋನ ಹೆಚ್ಚಾಗಿ ಸಿವಿ ಬೂಟ್ (ಆಕ್ಸಲ್ ಜಾಯಿಂಟಿನ ರಬ್ಬರ್ ಕವರ್) ಹರಿಯುತ್ತೆ, ಬಾಲ್ ಜಾಯಿಂಟ್ ಬೇಗ ಹೋಗುತ್ತೆ. ಮುಂದಿನ ಚಕ್ರದ ಒಳಮೈ ಮೇಲೆ ಟಾರ್ಚ್ ಬಿಡಿ. ರಿಮ್ ಒಳಗೆ, ಚಾಸಿಸ್ ಮೇಲೆ ಕಪ್ಪು ಗ್ರೀಸ್ ಸುತ್ತಾಗಿ ಎರಚಿದ್ರೆ ಬೂಟ್ ಹರಿದಿದೆ. ಸ್ಟೆಪ್ನಿ ಯಾವ ಸೈಜ್ ಅಂತಾನೂ ನೋಡಿ. ಬಹಳ ಸಲ ಅದು ಮಾತ್ರ ಹಳೇ 235 ಇರುತ್ತೆ. ಪಂಕ್ಚರ್ ಆದ ದಿನ ಅದನ್ನ ಹಾಕ್ಕೊಂಡು 4ಹೆಚ್‌ನಲ್ಲಿ ಓಡಿಸೋ ಹಾಗಿಲ್ಲ.

ಕ್ರೌನ್ ಆಯಿಲ್: ಮುಂದಿನ ಹಿಂದಿನ ಎರಡೂ ಹೌಸಿಂಗ್‌ನ ಮೇಲಿನ ಪ್ಲಗ್ ಬಿಚ್ಚಿ ಬೆರಳು ಹಾಕಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ರೆ ನೀರು ಹೋಗಿದೆ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿ ಕಿಂಡಿ) ಅಥವಾ ಸೀಲ್ ಮೂಲಕ ನೀರನ್ನ ಎಳ್ಕೊಳ್ಳುತ್ತೆ. ಏರ್ ಫಿಲ್ಟರ್ ಡಬ್ಬಿಯೂ ತೆಗೆದು ನೋಡಿ. ಒಳಗೋಡೆಯಲ್ಲಿ ಒಣಗಿದ ಕೆಸರಿನ ಗೆರೆ ಕಂಡ್ರೆ ಅಲ್ಲಿಗೆ ಮಾತುಕತೆ ಮುಗಿಸಿ.

ತುಕ್ಕು: ಉತ್ತರದ ಗಾಡಿ ಅಂತ ಚಾಸಿಸ್ ಒಣಗಿ ಚೆನ್ನಾಗಿರಬಹುದು, ಆದ್ರೆ ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ರೆ ಅದರ ಕೆಳಗೆ ಏನಿದೆ ಅಂತ ಅನುಮಾನ ಪಡಿ. ಸಣ್ಣ ಸುತ್ತಿಗೆಯಿಂದ ಹಿಂದಿನ ಕ್ರಾಸ್ ಮೆಂಬರ್, ಬಾಡಿ ಮೌಂಟ್, ಪ್ಲೇಟ್ ಸೆಟ್ಟಿನ ಶ್ಯಾಕಲ್ ಕೂರುವ ಜಾಗ ತಟ್ಟಿ. ಠಣ್ ಅಂದ್ರೆ ಸರಿ, ಮಂಕಾಗಿ ಕೇಳಿದ್ರೆ ಲೋಹ ತೆಳುವಾಗಿದೆ. ಕಾಲಡಿಯ ಮ್ಯಾಟ್ ಪೂರ್ತಿ ಎತ್ತಿ, ವಿಂಡ್‌ಶೀಲ್ಡ್ ಫ್ರೇಮಿನ ಬುಡ ನೋಡಿ. ಹಾರ್ಡ್ ಟಾಪ್ ಹಾಕಿದವರು ಬಾಡಿಗೆ ತೂತು ಕೊರೆದು ಸೀಲ್ ಮಾಡದೆ ಬಿಟ್ಟಿರೋದೂ ಉಂಟು, ನೀರು ಇಳಿಯೋದು ಅಲ್ಲಿಂದಲೇ.

ಫಾರಂ_29

ಯಂತ್ರದ ವಿಚಾರ ಬಲ್ಲವರು ಹೇಳಿದ್ದಾರೆ. ಕಾಗದದ ಕಡೆ ಬರ್ತೀನಿ. ನಿಮ್ಮ ವ್ಯವಹಾರದಲ್ಲಿ ಹೆಚ್ಚು ಸಿಕ್ಕು ಇರೋದು ಇಲ್ಲೇ.

ಏಪ್ರಿಲ್ 1, 2023ರಿಂದ ಹಳೇ ಗಾಡಿ ಮಾರೋ ಡೀಲರ್‌ಗೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಇರಬೇಕು, ಅದು ಫಾರಂ 29ಬಿ, ಐದು ವರ್ಷಕ್ಕೆ ಸಿಂಧು. ಓನರ್ ಗಾಡಿಯನ್ನ ಡೀಲರ್‌ಗೆ ಒಪ್ಪಿಸಿದಾಗ ಫಾರಂ 29ಸಿ ದಾಖಲಾಗಬೇಕು. ಆಮೇಲೆ ಡೀಲರ್‌ನನ್ನೇ ಓನರ್ ಅಂತ ಪರಿಗಣಿಸ್ತಾರೆ, ಜವಾಬ್ದಾರಿ ಅವರದು. ಈ ಎರಡನ್ನೂ ಕೇಳಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ನೀವು ಡೀಲರ್ ಹತ್ತಿರ ಅಲ್ಲ, ಬ್ರೋಕರ್ ಹತ್ತಿರ ಕೊಳ್ತಿದ್ದೀರಿ. ಆಗ ದೆಹಲಿಯ ಓನರ್ ಸಹಿ, ಗುರುತಿನ ಚೀಟಿ ನೇರವಾಗಿ ಖಾತ್ರಿ ಆಗದೆ ಒಂದು ರೂಪಾಯಿಯೂ ಬೇಡ.

ರೇಟು ಯಾಕೆ ಕಮ್ಮಿ ಅನ್ನೋದಕ್ಕೆ ಕಾರಣ ಇದೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ನಿರ್ಬಂಧದಿಂದಾಗಿ ಅವು ಅಗ್ಗಕ್ಕೆ ಹೊರಗೆ ಬರೋಕೆ ಶುರುವಾದವು. ಅದರಿಂದ ಗಾಡಿ ಕೆಟ್ಟದ್ದು ಅಂತಲ್ಲ. ಆದ್ರೆ ಇಲ್ಲಿಗೆ ತಂದಾಗ ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸ್ ಕರ್ನಾಟಕಕ್ಕೆ ಕಟ್ಟಲೇಬೇಕು. ಡೀಲರ್ ಹೇಳಿದ ರೇಟಿನಲ್ಲಿ ಅದು ಸೇರಿದೆಯಾ ಅಂತ ಬರಹದಲ್ಲಿ ತಗೊಳ್ಳಿ. ಸೇರಿಲ್ಲ ಅಂದ್ರೆ ಆ ಕಮ್ಮಿ ರೇಟು ಅಲ್ಲೇ ಕರಗುತ್ತೆ.

ಎನ್ಒಸಿ ಅಂದ್ರೆ ಫಾರಂ 28. ಅದರಲ್ಲಿ ಯಾವ ಆರ್‌ಟಿಒಗೆ ಅಂತ ಬರೆದಿರುತ್ತೆ. ಬೆಂಗಳೂರಿನ ಆರ್‌ಟಿಒ ಹೆಸರಿದ್ದು ನಿಮ್ಮ ವಿಳಾಸ ಸಕಲೇಶಪುರ ಆದ್ರೆ, ಕೆಎ-46ರಲ್ಲಿ (ಸಕಲೇಶಪುರ ಆರ್‌ಟಿಒ) ತಕರಾರು ಬರುತ್ತೆ. ಈಗಲೇ ನೋಡಿ. ಪರಿವಾಹನ್ (ಸರ್ಕಾರದ ವಾಹನ ದಾಖಲೆ ವೆಬ್‌ಸೈಟ್) ನೋಡಿದಾಗ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇದ್ರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ಹೊಸ ನಂಬರಿಗೆ ಫಾರಂ 27, ಹೆಸರು ಬದಲಾವಣೆಗೆ 29 ಮತ್ತು 30.

ಇನ್ನೊಂದು ಮಾತು. ಇನ್ಸ್‌ಪೆಕ್ಟರ್ ಗಾಡಿ ಎದುರಿಗಿಟ್ಟುಕೊಂಡು ನೋಡ್ತಾರೆ. ಚಾಸಿಸ್ ಮೇಲೆ ಕೊರೆದ ನಂಬರ್ ಎಂಎ1ರಿಂದ ಶುರುವಾಗಿ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೊಂದಬೇಕು. ಹಾರ್ಡ್ ಟಾಪ್, ದೊಡ್ಡ ಟೈರ್, ಮುಂದೆ ಬುಲ್ ಬಾರ್ ಇದ್ರೆ ಅದಕ್ಕೆ ಆಕ್ಷೇಪ ಬರಬಹುದು. ಕಂಪನಿ ಕೊಟ್ಟ ರೂಪಕ್ಕೆ ತರೋ ಖರ್ಚು ಡೀಲರ್‌ದು ಅಂತ ಬರೆಸಿಕೊಳ್ಳಿ.

ಹಾನುಬಾಳು_ತೋಟ

ತುಂಬಾ ಉಪಕಾರ ಆಯ್ತು. ಡೀಲರ್‌ಗೆ ಫೋನ್ ಮಾಡಿದೆ. ಜಾಕ್ ಹಾಕೋಕೆ, ಪ್ಲಗ್ ಬಿಚ್ಚೋಕೆ ಬಿಡಲ್ಲ, ನಮ್ಮದೇ ಇನ್ಸ್‌ಪೆಕ್ಷನ್ ರಿಪೋರ್ಟ್ ಇದೆ ಅಂತಾರೆ. ಬಿಲ್‌ನಲ್ಲಿ 18% ಜಿಎಸ್‌ಟಿ ಬೇರೆ ಸೇರಿಸ್ತಾರಂತೆ. 29ಬಿ ಇದೆ, ಕಳಿಸ್ತೀನಿ ಅಂದ್ರು.

ಗೇರ್‌ಪೆಟ್ಟಿಗೆ

ಅವರ ಅಂಗಳದಲ್ಲಿ ಬೇಡ ಅಂದ್ರೆ ಸರಿ, ಮಹೀಂದ್ರಾ ಸರ್ವಿಸ್ ಸೆಂಟರ್‌ಗೆ ತರೋಕೆ ಹೇಳಿ, ಚಾರ್ಜ್ ನೀವು ಕೊಡಿ. ಅಲ್ಲಿ ಲಿಫ್ಟ್ ಮೇಲೆ ಆಯಿಲ್, ಬೂಟ್, ಕ್ರಾಸ್ ಎಲ್ಲ ಒಟ್ಟಿಗೆ ನೋಡಬಹುದು, ಗಾಡಿ ನಂಬರ್ ಕೊಟ್ಟು ಹಳೇ ಸರ್ವಿಸ್ ದಾಖಲೆಯ ಕಿ.ಮೀ. ಕೇಳಬಹುದು. ರಿಪೋರ್ಟ್ ಕಳಿಸಿದ್ರೆ ಅದರಲ್ಲಿ ಹಬ್ ಲಾಕ್, 4ಎಲ್, ಕ್ರೌನ್ ಆಯಿಲ್ ಅನ್ನೋ ಪದ ಇದೆಯಾ ಹುಡುಕಿ. ಪೇಂಟ್, ಎಸಿ, ಸೀಟು ಇಷ್ಟೇ ಇದ್ರೆ ಅದು ಕಾರಿಗೆ ಬರೆದ ಪಟ್ಟಿ.

2015ರ ಜುಲೈ ನಂತರದ ಗಾಡಿ ಆದ್ದರಿಂದ ಹಿಂದಿನ ಆಕ್ಸಲ್‌ನಲ್ಲಿ ಲಾಕಿಂಗ್ ಡಿಫರೆನ್ಷಿಯಲ್ ಇದೆಯಾ ಅಂತಾನೂ ಅಲ್ಲೇ ಕೇಳಿ. ಅದು ತಾನಾಗಿ ಲಾಕ್ ಆಗೋದು, ಬಟನ್ ಇರಲ್ಲ. ಒಂದು ಹಿಂದಿನ ಚಕ್ರ ಗುಂಡಿಗೆ ಬಿದ್ದು ಖಾಲಿ ಸುತ್ತೋಕೆ ಶುರುವಾದಾಗ ಟಕ್ ಅಂತ ಹಿಡಿದು ಗಾಡಿ ಎದ್ದು ಬರಬೇಕು. ತೋಟದ ಗಾಡಿಗೆ ಇದರ ಬೆಲೆ ದೊಡ್ಡದು.

ಫಾರಂ_29

18% ಇರೋದು ಡೀಲರ್‌ನ ಮಾರ್ಜಿನ್ ಮೇಲೆ, ಅಂದ್ರೆ ಅವರು ಕೊಂಡ ಬೆಲೆಗೂ ಮಾರೋ ಬೆಲೆಗೂ ಇರೋ ವ್ಯತ್ಯಾಸದ ಮೇಲೆ. ಗಾಡಿಯ ಪೂರ್ತಿ ಬೆಲೆ ಮೇಲೆ ಹಾಕಿದ್ರೆ ಒಪ್ಪಬೇಡಿ. ಎಲ್ಲ ಸೇರಿ ಒಂದೇ ರೇಟು ಹೇಳಿ ಅನ್ನಿ.

ಟೋಕನ್ ರಸೀದಿಯಲ್ಲಿ ಚಾಸಿಸ್ ನಂಬರ್ ಬರೆಸಿ, ಆರ್‌ಟಿಒ ಎನ್ಒಸಿ ಒಪ್ಪದಿದ್ರೆ ಪೂರ್ತಿ ವಾಪಸ್ ಅಂತ ಸೇರಿಸಿ. ಬಾಕಿಯಲ್ಲಿ ಒಂದು ಭಾಗ ಕೆಎ ನಂಬರಿನ ಆರ್‌ಸಿ ಕೈಗೆ ಬಂದ ಮೇಲೆ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಆಗಬೇಕು. ಅಲ್ಲಿವರೆಗೆ ನಿಮ್ಮ ಗಾಡಿಗೆ ಆದ ಹಾನಿಯ ಕ್ಲೇಮ್ ತಿರಸ್ಕಾರ ಆಗಬಹುದು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತೆ, ಆ ವ್ಯತ್ಯಾಸ ನೀವು ಕಟ್ಟಬೇಕು. ಹಳೇ ಫಾಸ್ಟ್ಯಾಗ್ ಕಿತ್ತು ರದ್ದು ಮಾಡಿಸೋಕೆ ಡೀಲರ್‌ಗೆ ಹೇಳಿ, ಇಲ್ಲದಿದ್ರೆ ನೆಲಮಂಗಲದ ಟೋಲ್‌ನಲ್ಲೇ ದೆಹಲಿಯವರ ಅಕೌಂಟಿನಿಂದ ದುಡ್ಡು ಕಟ್ ಆಗುತ್ತೆ.