ಸಹಾಯ ಬೇಕು: 12 ಕ್ರಿಸ್‌ಮಸ್ ಸ್ಟಾಕಿಂಗ್, ಒಟ್ಟು 1,500 ರೂಪಾಯಿ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ 3ರಿಂದ 10 ವರ್ಷದ 12 ಮಕ್ಕಳಿಗೆ ಸ್ಟಾಕಿಂಗ್ (ಕಾಲುಚೀಲದ ಆಕಾರದ ಉಡುಗೊರೆ ಚೀಲ) ತುಂಬಬೇಕು. ತಲೆಗೆ 125 ರೂಪಾಯಿ, ಬಟ್ಟೆಯ ಖರ್ಚೂ ಅದರಲ್ಲೇ.

ಚೀಲ ನಾವೇ ಹೊಲಿಯುತ್ತೇವೆ. 44 ಇಂಚು ಅಗಲದ ಕೆಂಪು ಕಾಟನ್ ಒಂದೂಮುಕ್ಕಾಲು ಮೀಟರ್ ತಂದರೆ 13×8 ಇಂಚಿನ 24 ತುಂಡು ಸಿಗುತ್ತವೆ. ಇದಕ್ಕಿಂತ ದೊಡ್ಡದು ಬೇಡವೇ ಬೇಡ, ಎಷ್ಟು ತುಂಬಿದರೂ ಖಾಲಿ ಕಾಣುತ್ತದೆ. ತುದಿಗೆ ಕಿತ್ತಳೆ, ಮೇಲೆ ಚಿಕ್ಕಿ, ಪೆನ್ಸಿಲ್, ಕ್ರೇಯಾನ್; ಬಾಯಲ್ಲಿ ಇಣುಕಲು ಕಾಗದದ ಗಿರಗಿಟ್ಲೆ. ಚಿಕ್ಕವರಿಗೆ ಶೇಂಗಾ ಚಿಕ್ಕಿ, ಗೋಲಿ, ಬಲೂನ್ ಇಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ, ಬದಲಿಗೆ ಬಿಸ್ಕೆಟ್. ಕಿತ್ತಳೆಯ ಪಸೆಗೆ ಚಿಕ್ಕಿ ಅಂಟುವುದರಿಂದ ತುಂಬುವುದು 24ರ ಸಂಜೆಯೇ.

ಕೇಳಬೇಕಾದದ್ದು ಎರಡು. ಕುಲ್‌ಕುಲ್ (ಕ್ರಿಸ್‌ಮಸ್‌ಗೆ ಮೈದಾದಲ್ಲಿ ಕರಿಯುವ ಸಿಹಿತಿಂಡಿ) ತಲೆಗೆ 50 ಗ್ರಾಂನಂತೆ 600 ಗ್ರಾಂ ಕರಿಯುವ ಲೆಕ್ಕವಿದೆ. ನಮ್ಮ ಕರಾವಳಿಯ ಗಾಳಿಗೆ ಸಕ್ಕರೆ ಪಾಕ ಬೆವರುತ್ತದಲ್ಲ, ಪಾಕ ಬಿಟ್ಟು ಹಿಟ್ಟಿಗೇ ಪುಡಿ ಸಕ್ಕರೆ ಕಲಸಿದರೆ ಎಣ್ಣೆಯಲ್ಲಿ ಬೇಗ ಕಪ್ಪಾಗದಂತೆ ಎಷ್ಟು ಹಾಕಬಹುದು? ಕಾಲು ಕಿಲೋ ಮೈದಾಕ್ಕೆ ಹೇಳಿ.

ಇನ್ನೊಂದು, ಪೆನ್ಸಿಲ್, ಕ್ರೇಯಾನ್ ಡಜನ್ ಲೆಕ್ಕದಲ್ಲಿ ಭಾನುವಾರದ ಸಂತೆಯಲ್ಲೇ ಸಿಗುತ್ತದೆಯೋ, ಗೋವಾದ ಮಡಗಾಂವ್‌ಗೇ ಹೋಗಬೇಕೋ? ರೈಲು ಚಾರ್ಜ್ ಕಳೆದು ಉಳಿತಾಯವಾದರೆ ಮಾತ್ರ ಹೇಳಿ.